ಬೆಳಕು ಬಿದ್ದರೆ ಸಾಯುವ ಕಣ್ಣು: ಒಂದು ಹಣ್ಣಿನ ನೊಣದ ಪ್ರಕರಣ

ನಮ್ಮ ರೋಗಿಯ ಉದ್ದ ಹೆಚ್ಚೆಂದರೆ 3 ಮಿಲಿಮೀಟರ್. ಬಾಳೆಹಣ್ಣು ಸ್ವಲ್ಪ ಕಳಿತರೆ ಸಾಕು, ಎಲ್ಲಿಂದಲೋ ಬಂದು ಬುಟ್ಟಿಯ ಮೇಲೆ ತೇಲಾಡುತ್ತದಲ್ಲ, ಅದೇ ಹಣ್ಣಿನ ನೊಣ. ಶಾಸ್ತ್ರದ ಹೆಸರು ಡ್ರೊಸೊಫಿಲಾ ಮೆಲನೊಗ್ಯಾಸ್ಟರ್.

ಈ ನೊಣದಲ್ಲಿ ಒಂದು ವಿಚಿತ್ರ ತಳಿ ಇದೆ. ಪ್ಯೂಪಾ ಒಡೆದು ಹೊರಬಂದ ದಿನ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಕತ್ತಲೆ ಪೆಟ್ಟಿಗೆಯಲ್ಲಿ ಇಟ್ಟರೆ ಬಹಳ ದಿನ ಹಾಗೇ ಇರುತ್ತದೆ. ದಿನಕ್ಕೆ 12 ಗಂಟೆ ಬೆಳಕು ಕೊಟ್ಟು ನೋಡಿ, ಕೆಲವೇ ದಿನಗಳಲ್ಲಿ ಕಣ್ಣೊಳಗಿನ ಕೋಶಗಳು ಕುಸಿಯುತ್ತವೆ. ಬೆಳಕು ಜಾಸ್ತಿಯಾದಷ್ಟೂ ಬೇಗ. ನೋಡುವುದಕ್ಕೆಂದೇ ಹುಟ್ಟಿದ ಕೋಶ, ನೋಡಿದ್ದಕ್ಕೇ ಸಾಯುತ್ತಿದೆ.

ತಳಿಯ ಹೆಸರು ಆರ್‌ಡಿಜಿ-ಬಿ. ಬಿಡಿಸಿದರೆ 'ರೆಟಿನಲ್ ಡೀಜನರೇಶನ್ ಬಿ', ಅಂದರೆ ಅಕ್ಷಿಪಟಲ ಹಾಳಾಗುವ ರೋಗ, ಎರಡನೆಯದು. 'ಎ' ಕೂಡ ಇದೆ, ಅದು ಆಮೇಲೆ ಬರುತ್ತದೆ.

ಈ ರೋಗದ ಬೇರು ಇರುವುದು ಕೋಶದ ಪೊರೆಯಲ್ಲಿರುವ ಫಾಸ್ಫೊಇನೊಸಿಟೈಡ್ ಅನ್ನುವ ಕೊಬ್ಬಿನಲ್ಲಿ. ಅದರ ಬಗ್ಗೆ ಪಠ್ಯಪುಸ್ತಕ ತೆರೆದರೆ ಬಾಣಗಳು, ಬಾಣಗಳ ಮೇಲೆ ಬಾಣಗಳು. ಪರೀಕ್ಷೆಯ ಹಿಂದಿನ ರಾತ್ರಿ ಉರು ಹೊಡೆದು, ಮರುದಿನ ಬರೆದು, ಸಂಜೆಗೆ ಮರೆಯುವ ಚಿತ್ರ ಅದು. ನನಗೆ ಆ ಚಿತ್ರಕ್ಕೆ ಜೀವ ಬಂದದ್ದು ಈ ಒಂದು ನೊಣದಿಂದ. ಅದಕ್ಕೇ ಇದನ್ನು ಒಬ್ಬ ರೋಗಿಯ ಕಡತದ ಹಾಗೆ ಬರೆಯುತ್ತಿದ್ದೇನೆ.

ಉಗುರು ಬಣ್ಣ ಮತ್ತು ಏಳು ಚುಕ್ಕೆ

ನೊಣದ ಕಣ್ಣು ಹಾಳಾಗಿದೆ ಎಂದು ಗೊತ್ತಾಗುವುದು ಹೇಗೆ? ಬಹಳ ಸರಳವಾದ ಒಂದು ಪರೀಕ್ಷೆ ಇದೆ. ಗಾಜಿನ ಸ್ಲೈಡಿನ ಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್‌ನ ಒಂದು ಹನಿ ಇಡುತ್ತಾರೆ. ಹೌದು, ಅಂಗಡಿಯಲ್ಲಿ ಸಿಗುವ ಅದೇ ನೇಲ್ ಪಾಲಿಶ್. ಅದರಲ್ಲಿ ನೊಣದ ತಲೆಯನ್ನು ಕೂರಿಸಿ, ಮೇಲೆ ಒಂದು ತೊಟ್ಟು ಎಣ್ಣೆ ಬಿಟ್ಟು, ಕೆಳಗಿನಿಂದ ಬೆಳಕು ಹಾಯಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ.

ಒಂದು ಕಣ್ಣಿನಲ್ಲಿ 750ರಿಂದ 800 ಪುಟ್ಟ ಕಣ್ಣುಗಳಿವೆ. ಒಂದೊಂದರಲ್ಲೂ ಬೆಳಕು ಹಿಡಿಯುವ ಕೋಶಗಳು ಎಂಟು. ಆದರೆ ಎಣಿಸಿದರೆ ಸಿಗುವ ಚುಕ್ಕೆ ಏಳೇ, ಯಾಕೆಂದರೆ ಎಂಟನೆಯದು ಏಳನೆಯದರ ನೆರಳಿನಲ್ಲಿ ಕೂತಿರುತ್ತದೆ. ಆರು ದೊಡ್ಡ ಚುಕ್ಕೆ ಸುತ್ತ, ಒಂದು ಚಿಕ್ಕದು ಮಧ್ಯೆ, ಸೊಟ್ಟಗಿನ ರಂಗೋಲಿಯ ಹಾಗೆ. ಆರೋಗ್ಯವಂತ ನೊಣದಲ್ಲಿ ಸಾಲುಸಾಲಾಗಿ ಇದೇ ರಂಗೋಲಿ. ಬೆಳಕಿನಲ್ಲಿ ಬೆಳೆದ ಆರ್‌ಡಿಜಿ-ಬಿ ನೊಣದಲ್ಲಿ ಸುತ್ತಲ ಚುಕ್ಕೆಗಳು ಮೊದಲು ಮಸುಕಾಗುತ್ತವೆ, ಆಮೇಲೆ ಮಾಯ. ಮಧ್ಯದ್ದು ಇನ್ನಷ್ಟು ದಿನ ತಡೆದುಕೊಳ್ಳುತ್ತದೆ. ಸುಮ್ನೆ ಎಣಿಸುತ್ತಾ ಹೋದರೂ ರೋಗದ ಹಂತ ಸಿಕ್ಕಿಬಿಡುತ್ತದೆ.

ಇನ್ನೊಂದು ಪರೀಕ್ಷೆ ಇಆರ್‌ಜಿ. ಹೃದಯಕ್ಕೆ ಇಸಿಜಿ ಇದ್ದ ಹಾಗೆ ಕಣ್ಣಿಗೆ ಇದು. ಜೀವಂತ ನೊಣವನ್ನು ಪಿಪೆಟ್‌ನ ಪ್ಲಾಸ್ಟಿಕ್ ತುದಿಯೊಳಗೆ ತಲೆಯಷ್ಟೇ ಹೊರಗಿರುವಂತೆ ಸಿಕ್ಕಿಸುತ್ತಾರೆ. ಉಪ್ಪುನೀರು ತುಂಬಿದ ಗಾಜಿನ ಸೂಜಿಯ ತುದಿಯನ್ನು ಕಣ್ಣಿಗೆ ಮುಟ್ಟಿಸಿ, ದೀಪ ಹಾಕಿ ಆರಿಸುತ್ತಾರೆ. ಪರದೆಯ ಮೇಲೆ ಗೆರೆ ದಡಕ್ಕನೆ ಕೆಳಗಿಳಿದು ಮತ್ತೆ ಮೇಲೇರುತ್ತದೆ.

ಇಲ್ಲೇ ಒಂದು ಮುಖ್ಯ ಸುಳಿವು ಸಿಗುತ್ತದೆ. ಕತ್ತಲಲ್ಲೇ ಬೆಳೆಸಿದ, ಆಗಷ್ಟೇ ಹುಟ್ಟಿದ ಆರ್‌ಡಿಜಿ-ಬಿ ನೊಣದಲ್ಲಿ ಚುಕ್ಕೆಗಳೆಲ್ಲ ಸರಿಯಾಗಿವೆ, ಆದರೂ ಇಆರ್‌ಜಿ ಗೆರೆ ಕುಗ್ಗಿದೆ. ಗೋಡೆ ಬೀಳುವುದಕ್ಕೂ ಮೊದಲೇ ಒಳಗೆ ಏನೋ ಕೆಟ್ಟಿದೆ ಅಂತಾಯಿತು.

ಕುರುಡು ನೊಣವೊಂದು ಕೊಟ್ಟ ಸಾಕ್ಷಿ

1960ರ ದಶಕದ ಕೊನೆಯಲ್ಲಿ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಸೀಮೂರ್ ಬೆಂಜರ್, ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಪಾಕ್ ಹೀಗೆ ಕಣ್ಣು ಕೆಟ್ಟ ನೊಣಗಳನ್ನು ಹುಡುಕುತ್ತಿದ್ದರು. ನೊಣಗಳಿಗೆ ರಾಸಾಯನಿಕ ತಿನ್ನಿಸಿ ಜೀನ್ ಕೆಡಿಸುವುದು, ಮರಿಗಳಲ್ಲಿ ಯಾವುದು ಬೆಳಕಿನ ಕಡೆ ಓಡುವುದಿಲ್ಲ, ಯಾವುದರ ಇಆರ್‌ಜಿ ವಿಚಿತ್ರವಾಗಿದೆ ಎಂದು ಆರಿಸುವುದು, ಇದೇ ಕೆಲಸ. ಹೀಗೆ ಸಿಕ್ಕ ಇನ್ನೊಂದು ತಳಿ ನಾರ್ಪ್-ಎ. ಇದರ ಇಆರ್‌ಜಿ ಗೆರೆ ಅಲುಗುವುದೇ ಇಲ್ಲ. ಪೂರ್ತಿ ಕುರುಡು.

1977ರಲ್ಲಿ ವಿಲಿಯಂ ಹ್ಯಾರಿಸ್ ಮತ್ತು ವಿಲಿಯಂ ಸ್ಟಾರ್ಕ್ ಈ ಎರಡೂ ದೋಷಗಳಿರುವ ಒಂದೇ ನೊಣವನ್ನು ಪರೀಕ್ಷಿಸಿದರು. ಎರಡು ರೋಗ ಸೇರಿದರೆ ಕಣ್ಣು ಇನ್ನೂ ಬೇಗ ಹಾಳಾಗಬೇಕಿತ್ತು ಅಲ್ವಾ? ಆದದ್ದು ಉಲ್ಟಾ. ನಾರ್ಪ್-ಎ ದೋಷ ಇದ್ದಾಗ ಆರ್‌ಡಿಜಿ-ಬಿಯಿಂದ ಆಗುವ ಕುಸಿತ ನಿಂತಿತು. ನೊಣಕ್ಕೆ ಏನೂ ಕಾಣದು, ಆದರೆ ಕೋಶಗಳು ಉಳಿದುಕೊಂಡವು.

ಇದರ ಅರ್ಥ ಇಷ್ಟು: ಬೆಳಕು ನೇರವಾಗಿ ಕೋಶವನ್ನು ಸುಡುತ್ತಿಲ್ಲ. ಬೆಳಕು ಬಿದ್ದ ಮೇಲೆ ನಾರ್ಪ್-ಎ ಮಾಡುವ ಯಾವುದೋ ಕೆಲಸ ಸುಡುತ್ತಿದೆ. ಆ ಕೆಲಸ ಯಾವುದು ಎಂದು ತಿಳಿಯಲು ಇನ್ನೂ 11 ವರ್ಷ ಬೇಕಾಯಿತು. 1988ರಲ್ಲಿ ಪಾಕ್ ಅವರ ಗುಂಪು ಜೀನ್ ಓದಿದಾಗ ಸಿಕ್ಕಿದ್ದು ಫಾಸ್ಫೊಲಿಪೇಸ್-ಸಿ, ಅಂದರೆ ಪೊರೆಯಲ್ಲಿರುವ ಒಂದು ನಿರ್ದಿಷ್ಟ ಕೊಬ್ಬನ್ನು ಕತ್ತರಿಸುವ ಕಿಣ್ವ. ಪ್ರಕರಣ ಅಲ್ಲಿಗೆ ಕಣ್ಣಿನ ವಿಭಾಗದಿಂದ ಕೊಬ್ಬಿನ ವಿಭಾಗಕ್ಕೆ ವರ್ಗವಾಯಿತು.

ಬೋರ್ಡ್ ಬದಲಿಸುವ ಕೊಬ್ಬು

ಆ ಕೊಬ್ಬಿನ ಪೂರ್ತಿ ಹೆಸರು ಫಾಸ್ಫಾಟಿಡೈಲ್ ಇನೊಸಿಟಾಲ್ 4,5-ಬಿಸ್‌ಫಾಸ್ಫೇಟ್. ಒಂದೇ ಉಸಿರಿಗೆ ಹೇಳುವುದು ಕಷ್ಟ. ಲ್ಯಾಬಿನಲ್ಲಿ ಎಲ್ಲರೂ 'ಪಿಪ್-ಟೂ' ಅನ್ನುತ್ತಾರೆ, ನಾವೂ ಹಾಗೇ ಕರೆಯೋಣ.

ಮೂಲ ಕೊಬ್ಬಿಗೆ ಎರಡು ಬಾಲ, ಒಂದು ತಲೆ. ಬಾಲಗಳು ಪೊರೆಯೊಳಗೆ ನಾಟಿಕೊಂಡಿರುತ್ತವೆ. ತಲೆ ಅಂದರೆ ಇನೊಸಿಟಾಲ್, ಸಕ್ಕರೆಯ ನೆಂಟನಂಥ ಆರು ಕಾರ್ಬನ್‌ಗಳ ಉಂಗುರ. ಇದು ಪೊರೆಯಿಂದ ಹೊರಗೆ, ಕೋಶದ ಒಳರಸದ ಕಡೆಗೆ ಚಾಚಿಕೊಂಡಿರುತ್ತದೆ. ಉಂಗುರದ 3, 4, 5ನೇ ಜಾಗಗಳಲ್ಲಿ ಫಾಸ್ಫೇಟ್ ಅಂಟಿಸಬಹುದು. ಅಂಟಿಸುವ ಕಿಣ್ವ ಕೈನೇಸ್. ಕಿತ್ತು ಹಾಕುವುದು ಫಾಸ್ಫಟೇಸ್. ಮೂರು ಜಾಗದಲ್ಲಿ ಎಲ್ಲೆಲ್ಲಿ ಇದೆ, ಎಲ್ಲಿಲ್ಲ ಎಂದು ಲೆಕ್ಕ ಹಾಕಿದರೆ ಏಳು ಬಗೆ. ಈ ಏಳಕ್ಕೆ ಒಟ್ಟಾಗಿ ಫಾಸ್ಫೊಇನೊಸಿಟೈಡ್ ಎಂದು ಹೆಸರು.

ಬಸ್ಸು ಅದೇ, ಬೋರ್ಡ್ ಬೇರೆ. 3ರಲ್ಲಿ ಮಾತ್ರ ಫಾಸ್ಫೇಟ್ ಇದ್ದರೆ ಅದು ಕೋಶ ಒಳಗೆಳೆದುಕೊಂಡ ಚೀಲಗಳ ಗುರುತು. 4 ಮತ್ತು 5ರಲ್ಲಿ ಇದ್ದರೆ ಹೊರಪೊರೆ. ಮೂರರಲ್ಲೂ ಇದ್ದರೆ ಇನ್ಸುಲಿನ್ ಬಂದಿದೆ, ಬೆಳೆಯಿರಿ ಎಂಬ ಸುದ್ದಿ. ಪ್ರೋಟೀನುಗಳು ಈ ಬೋರ್ಡ್ ಓದಿಕೊಂಡು ಹತ್ತುತ್ತವೆ, ಇಳಿಯುತ್ತವೆ. ಬೋರ್ಡ್ ಬರೆಯುವವರು ಕೈನೇಸ್‌ಗಳು. ಪ್ರಮಾಣ ಮಾತ್ರ ಬಹಳ ಕಡಿಮೆ. ಹೊರಪೊರೆಯ ಕೊಬ್ಬಿನಲ್ಲಿ ಪಿಪ್-ಟೂ ಪಾಲು ಸುಮಾರು 1%.

ಇಷ್ಟು ಕಡಿಮೆ ಇರುವ ಕೊಬ್ಬು ಯಾರ ಕಣ್ಣಿಗಾದರೂ ಬಿದ್ದದ್ದೇ ಹೆಚ್ಚು. 1953ರಲ್ಲಿ ಮೇಬಲ್ ಮತ್ತು ಲೋವೆಲ್ ಹೋಕಿನ್ ದಂಪತಿ ಪಾರಿವಾಳದ ಮೇದೋಜೀರಕದ ಚೂರುಗಳಿಗೆ, ನರಗಳು ಸುದ್ದಿ ಕಳಿಸಲು ಬಳಸುವ ರಾಸಾಯನಿಕವಾದ ಅಸೆಟೈಲ್‌ಕೋಲಿನ್ ಕೊಟ್ಟಾಗ ವಿಕಿರಣಶೀಲ ರಂಜಕ ಜೋರಾಗಿ ಕೊಬ್ಬಿನೊಳಗೆ ಸೇರುವುದನ್ನು ಕಂಡರು. ಹೊರಗಿನಿಂದ ಸುದ್ದಿ ಬಂದಾಗ ಪೊರೆಯ ಕೊಬ್ಬು ಒಡೆದು ಮತ್ತೆ ಕಟ್ಟಿಕೊಳ್ಳುತ್ತದೆ ಎಂಬ ವಿಷಯಕ್ಕೆ ಮೊದಲ ಎಳೆ ಅದು. ಒಡೆದು, ಮತ್ತೆ ಕಟ್ಟಿಕೊಳ್ಳುವುದು. ನಮ್ಮ ನೊಣ ಸೋತದ್ದು ಈ ಎರಡನೆಯ ಪದದಲ್ಲಿ.

ಸಂಪ್, ಟ್ಯಾಂಕ್, ನಲ್ಲಿ

ನೊಣದ ಒಂದೊಂದು ದೃಷ್ಟಿಕೋಶದಲ್ಲೂ ಹಲ್ಲುಜ್ಜುವ ಬ್ರಷ್ಷಿನ ಹಾಗೆ ಒತ್ತಾಗಿ ನಿಂತ ಸುಮಾರು 30 ಸಾವಿರ ಎಳೆಗಳಿವೆ. ಒಂದೊಂದರ ದಪ್ಪ ಸುಮಾರು 60 ನ್ಯಾನೋಮೀಟರ್. ನೇಲ್ ಪಾಲಿಶ್ ಪರೀಕ್ಷೆಯಲ್ಲಿ ಕಂಡ ಚುಕ್ಕೆ ಅಂದರೆ ಈ ಬ್ರಷ್ಷೇ. ಬೆಳಕು ಹಿಡಿಯುವ ರೊಡಾಪ್ಸಿನ್, ಕತ್ತರಿಸುವ ಫಾಸ್ಫೊಲಿಪೇಸ್-ಸಿ, ಕ್ಯಾಲ್ಸಿಯಂ ಒಳಬಿಡುವ ಬಾಗಿಲುಗಳು, ಎಲ್ಲ ಈ ಎಳೆಗಳ ಪೊರೆಯಲ್ಲೇ ಇವೆ.

ಬೆಳಕಿನ ಕಣ ಬಂದು ರೊಡಾಪ್ಸಿನ್‌ಗೆ ಬಡಿಯುತ್ತದೆ. ಅದು ಸುದ್ದಿ ದಾಟಿಸುವ ಜಿ-ಪ್ರೋಟೀನನ್ನು ಎಬ್ಬಿಸುತ್ತದೆ, ಜಿ-ಪ್ರೋಟೀನು ಫಾಸ್ಫೊಲಿಪೇಸ್-ಸಿಯನ್ನು. ಅದು ಪಿಪ್-ಟೂ ತಲೆಯನ್ನು ಕಚಕ್ಕನೆ ಕತ್ತರಿಸುತ್ತದೆ. ಬಾಗಿಲು ತೆರೆಯುತ್ತದೆ, ಕ್ಯಾಲ್ಸಿಯಂ ನುಗ್ಗುತ್ತದೆ. ಜೋರು ಬೆಳಕಿನಲ್ಲಿ ಇಷ್ಟೆಲ್ಲ ಕೆಲವೇ ಮಿಲಿಸೆಕೆಂಡುಗಳಲ್ಲಿ ಮುಗಿಯುತ್ತದೆ. ಕೈ ಬೀಸಿ ನೊಣ ಹಿಡಿಯಲು ಹೋಗಿ ಸೋತವರಿಗೆ ಈ ವೇಗದ ಅನುಭವ ಇದ್ದೇ ಇರುತ್ತದೆ.

ಆ ಬಾಗಿಲಿನ ಹೆಸರು ಟಿಆರ್‌ಪಿ. ಟಿವಿ ಚಾನೆಲ್‌ಗಳ ಟಿಆರ್‌ಪಿಗೂ ಇದಕ್ಕೂ ಸಂಬಂಧವಿಲ್ಲ. ಆದರೆ ಮೆಣಸಿನಕಾಯಿಗೆ ಇದೆ. ಇದೇ ಕುಟುಂಬದ ಬಾಗಿಲೊಂದು ನಮ್ಮ ನಾಲಿಗೆಯ ನರಗಳಲ್ಲಿ ಖಾರ ಮತ್ತು ಬಿಸಿಯನ್ನು ಗುರುತಿಸುತ್ತದೆ. ಅದನ್ನು ಪತ್ತೆ ಹಚ್ಚಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಕುಟುಂಬಕ್ಕೆ ಹೆಸರು ಬಂದದ್ದು ಮಾತ್ರ ಕಣ್ಣು ಕೆಟ್ಟ ನೊಣದಿಂದ.

ಈಗ ಲೆಕ್ಕಕ್ಕೆ ಬರೋಣ. ಎಳೆಗಳ ಪೊರೆಯನ್ನು ಮನೆಯ ಮೇಲಿನ ಟ್ಯಾಂಕ್ ಎಂದುಕೊಳ್ಳಿ. ಪಿಪ್-ಟೂ ನೀರು. ಫಾಸ್ಫೊಲಿಪೇಸ್-ಸಿ ನಲ್ಲಿ. ಹಗಲೆಲ್ಲ ಬೆಳಕು ಇದೆ, ನಲ್ಲಿ ತೆರೆದೇ ಇದೆ. ಟ್ಯಾಂಕ್ ಚಿಕ್ಕದು. ತುಂಬಿಸುವ ವ್ಯವಸ್ಥೆ ಇಲ್ಲದಿದ್ದರೆ ಬೇಗನೆ ತಳ ಕಾಣುತ್ತದೆ. ಮೂಲ ಕೊಬ್ಬು ತಯಾರಾಗುವುದು ಕೆಳಗಿನ ಸಂಪ್‌ನಲ್ಲಿ, ಅಂದರೆ ಕೋಶದೊಳಗಿನ ಪೊರೆಗಳ ಜಾಲವಾದ ಎಂಡೊಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲಿ. ಕೊಬ್ಬು ನೀರಿನಲ್ಲಿ ಕರಗುವುದಿಲ್ಲ, ತಾನೇ ಈಜಿಕೊಂಡು ಟ್ಯಾಂಕಿಗೆ ಹೋಗಲಾರದು. ಯಾರಾದರೂ ಹೊರಬೇಕು.

ಹೊರುವವನೇ ಆರ್‌ಡಿಜಿ-ಬಿ. 1993ರಲ್ಲಿ ಇದರ ಕೆಲಸ ಗೊತ್ತಾಯಿತು: ಮೂಲ ಕೊಬ್ಬಾದ ಫಾಸ್ಫಾಟಿಡೈಲ್ ಇನೊಸಿಟಾಲನ್ನು ಒಂದು ಪೊರೆಯಿಂದ ಎತ್ತಿ ಇನ್ನೊಂದಕ್ಕೆ ಇಳಿಸುವ ಪ್ರೋಟೀನು. ಸೊಂಟದ ಮೇಲೆ ಕೊಡ ಇಟ್ಟು ಮೆಟ್ಟಿಲು ಹತ್ತುವವರ ಹಾಗೆ.

ಕೊಡದಲ್ಲಿ ಬರುವುದು ಬೋರ್ಡ್ ಇಲ್ಲದ ಕೊಬ್ಬು. ಟ್ಯಾಂಕಿಗೆ ಬಂದ ಮೇಲೆ ಇಬ್ಬರು ಕೈನೇಸ್‌ಗಳು ಒಬ್ಬರಾದ ಮೇಲೆ ಒಬ್ಬರು ಕೈ ಹಾಕುತ್ತಾರೆ. ಮೊದಲನೆಯದು ಪಿಐ4ಕೆ-3-ಆಲ್ಫಾ, 4ನೇ ಜಾಗಕ್ಕೆ ಫಾಸ್ಫೇಟ್ ಅಂಟಿಸುತ್ತದೆ. ಎರಡನೆಯದು ಪಿಐಪಿ5ಕೆ, 5ನೇ ಜಾಗಕ್ಕೆ. ಆಗ ಪಿಪ್-ಟೂ ಸಿದ್ಧ. ಕತ್ತರಿಸಿದ ಮೇಲೆ ಪೊರೆಯಲ್ಲಿ ಉಳಿದ ಬಾಲದ ತುಂಡಿಗೆ ಮತ್ತೊಂದು ಕೈನೇಸ್ ಫಾಸ್ಫೇಟ್ ಹಚ್ಚಿ, ಸಂಪ್‌ಗೆ ವಾಪಸ್ ಹೋಗಲು ತಯಾರು ಮಾಡುತ್ತದೆ. ಆ ಕೈನೇಸೇ ಆರ್‌ಡಿಜಿ-ಎ, ಮೊದಲು ಹೇಳಿದ 'ಎ'. ಇಡೀ ಚಕ್ರದ ಒಂದೊಂದು ಮೆಟ್ಟಿಲಿಗೂ ಒಂದೊಂದು ಕಣ್ಣು ಕೆಟ್ಟ ನೊಣ ಇರುವಂತಿದೆ.

ಬೆಂಗಳೂರಿನ ಭಾಗ

ಕಥೆಯ ಮುಂದಿನ ಭಾಗ ಬಳ್ಳಾರಿ ರಸ್ತೆಯಲ್ಲಿ, ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಬಿಎಸ್‌ನಲ್ಲಿ ನಡೆಯುತ್ತದೆ. ನೊಣದ ಅಧ್ಯಯನ ಅಲ್ಲಿಗೆ ಹೊಸದಲ್ಲ. ಸಂಸ್ಥೆಯನ್ನು ಕಟ್ಟಿದ ಒಬೈದ್ ಸಿದ್ದಿಕಿ ಸ್ವತಃ ಬೆಂಜರ್ ಜೊತೆ ಕೆಲಸ ಮಾಡಿದವರು. ಬಿಸಿ ತಗುಲಿದರೆ ಲಕ್ವ ಹೊಡೆದಂತೆ ಬೀಳುವ ನೊಣಗಳ ಬಗ್ಗೆ ಇಬ್ಬರೂ 1976ರಲ್ಲಿ ಬರೆದಿದ್ದರು. ಈಗ ಅಲ್ಲಿ ರಘು ಪಡಿಂಜಾಟ್ ಅವರ ಗುಂಪು ಈ ಕೊಬ್ಬಿನ ಚಕ್ರದ ಬೆನ್ನು ಹತ್ತಿದೆ.

ಅವರ ಗುಂಪು ಮಾಡಿದ ಒಂದು ಪ್ರಯೋಗ ನನಗೆ ಬಹಳ ಇಷ್ಟ. ಪಿಪ್-ಟೂ ಬೋರ್ಡನ್ನು ಮಾತ್ರ ಓದಿ ಅಂಟಿಕೊಳ್ಳುವ ಪ್ರೋಟೀನಿನ ತುಂಡಿಗೆ ಹಸಿರು ಹೊಳಪಿನ ಪ್ರೋಟೀನಾದ ಜಿಎಫ್‌ಪಿ ಕಟ್ಟಿ ನೊಣದ ಕಣ್ಣೊಳಗೆ ಇಡುತ್ತಾರೆ. ಪಿಪ್-ಟೂ ಇದ್ದರೆ ಎಳೆಗಳು ಹಸಿರಾಗಿ ಹೊಳೆಯುತ್ತವೆ. ಈಗ ಜೋರು ನೀಲಿ ಬೆಳಕು ಬಿಟ್ಟರೆ ನಲ್ಲಿ ತೆರೆದು ಪಿಪ್-ಟೂ ಖಾಲಿ, ಹೊಳಪೂ ಇಳಿಯುತ್ತದೆ. ಆಮೇಲೆ ಕತ್ತಲಲ್ಲಿ ಕಾಯಬೇಕು. ಆರೋಗ್ಯವಂತ ನೊಣದಲ್ಲಿ ಕೆಲವೇ ನಿಮಿಷಗಳಲ್ಲಿ ಹೊಳಪು ಮತ್ತೆ ಏರುತ್ತದೆ. ಆರ್‌ಡಿಜಿ-ಬಿ ನೊಣದಲ್ಲಿ ಕಾದಿದ್ದೇ ಬಂತು, ಏರುವುದು ತೀರಾ ನಿಧಾನ. ಟ್ಯಾಂಕ್ ತುಂಬುತ್ತಿಲ್ಲ ಎಂಬುದನ್ನು ಕಣ್ಣಾರೆ ನೋಡುವುದು ಅಂದರೆ ಇದೇ.

ಕೈನೇಸ್‌ಗಳನ್ನು ಕಡಿಮೆ ಮಾಡಿದರೂ ಸುಮಾರು ಹೀಗೇ ಆಗುತ್ತದೆ. ಪಿಐ4ಕೆ-3-ಆಲ್ಫಾ ತಗ್ಗಿಸಿದಾಗ ಬೆಳಕಿಗೆ ಸಿಗುವ ಪ್ರತಿಕ್ರಿಯೆ ಕುಗ್ಗಿತು, ಪಿಪ್-ಟೂ ಮರಳುವುದು ತಡವಾಯಿತು ಎಂದು 2018ರಲ್ಲಿ ತೋರಿಸಿದರು. ಪಿಐಪಿ5ಕೆ ವಿಷಯದಲ್ಲಿ ಮಾತ್ರ ಒಂದು ಸೋಜಿಗ ಇದೆ. 2015ರ ಅಧ್ಯಯನದಲ್ಲಿ ಈ ಕೈನೇಸ್ ಇಲ್ಲದ ನೊಣದ ಕಣ್ಣು ಬೆಳಕಿಗೆ ಸರಿಯಾಗಿ ಸ್ಪಂದಿಸಲಿಲ್ಲ. ಆದರೆ ಪಿಪ್-ಟೂ ಬೇಕಾಗುವ ಬೇರೆ ಕೆಲಸಗಳು, ಉದಾಹರಣೆಗೆ ಹೊರಗಿನ ವಸ್ತುಗಳನ್ನು ಒಳಗೆಳೆದುಕೊಳ್ಳುವುದು, ಆರಾಮಾಗಿ ನಡೆದವು. ಒಂದೇ ಪೊರೆಯಲ್ಲಿ ಒಂದೇ ಕೊಬ್ಬು, ಆದರೂ ಬೆಳಕಿನ ಖಾತೆಗೆ ಬೇರೆ, ಉಳಿದ ಖಾತೆಗೆ ಬೇರೆ! ಒಂದೇ ತೊಟ್ಟಿಯಲ್ಲಿ ಸ್ನಾನದ ನೀರು, ಅಡುಗೆ ನೀರು ಬೆರೆಯದೆ ಇರುವ ಹಾಗೆ. ಟ್ಯಾಂಕಿನ ಹೋಲಿಕೆ ಇಲ್ಲಿಗೆ ಕೈಕೊಡುತ್ತದೆ ಎಂದು ಒಪ್ಪಿಕೊಳ್ಳುತ್ತೇನೆ.

ಉಳಿದ ಮುಕ್ಕಾಲು ಭಾಗ ಯಾಕೆ?

ಆರ್‌ಡಿಜಿ-ಬಿ ದೊಡ್ಡ ಪ್ರೋಟೀನು, ಸಾವಿರಕ್ಕೂ ಜಾಸ್ತಿ ಅಮೈನೋ ಆಮ್ಲ. ಕೊಬ್ಬು ಹೊರುವ ಭಾಗ ಅದರ ಕಾಲು ಪಾಲು ಅಷ್ಟೇ. 1997ರಲ್ಲಿ ಆ ಕಾಲು ಪಾಲನ್ನು ಮಾತ್ರ ರೋಗಿಷ್ಠ ನೊಣಕ್ಕೆ ಕೊಟ್ಟು ನೋಡಿದರು. ಕಣ್ಣು ಉಳಿಯಿತು. ಹಾಗಾದರೆ ಉಳಿದ ಮುಕ್ಕಾಲು ಭಾಗ ಸುಮ್ನೆ ಇದೆಯೇ?

ಇಲ್ಲ. ಬ್ರಷ್ಷಿನ ಬುಡದಲ್ಲಿ ಸಂಪ್‌ನ ಪೊರೆ ಮತ್ತು ಟ್ಯಾಂಕಿನ ಪೊರೆ ತೀರಾ ಹತ್ತಿರ ಬರುತ್ತವೆ, ಮಧ್ಯೆ ಕೆಲವು ಹತ್ತು ನ್ಯಾನೋಮೀಟರ್ ಜಾಗವಷ್ಟೇ. ಆರ್‌ಡಿಜಿ-ಬಿ ನಿಲ್ಲುವುದು ಈ ಸಂದಿಯಲ್ಲಿ. ಮುಕ್ಕಾಲು ಭಾಗದಲ್ಲಿ ಎಫ್‌ಎಫ್‌ಎಟಿ ಎಂಬ ಸಣ್ಣ ಕೊಕ್ಕೆ ಇದೆ. ಅದು ಸಂಪ್‌ನ ಪೊರೆಯಲ್ಲಿರುವ ವ್ಯಾಪ್ ಎಂಬ ಪ್ರೋಟೀನಿಗೆ ಸಿಕ್ಕಿಕೊಳ್ಳುತ್ತದೆ. ಎನ್‌ಸಿಬಿಎಸ್ ಗುಂಪು ಈ ಕೊಕ್ಕೆಯನ್ನಷ್ಟೇ ಕೆಡಿಸಿ ನೋಡಿತು. ಕೊಬ್ಬು ಹೊರುವ ಭಾಗ ಪೂರ್ತಿ ಸರಿಯಾಗಿದೆ. ಆದರೆ ಪ್ರೋಟೀನು ಬುಡದಲ್ಲಿ ನಿಲ್ಲದೆ ಕೋಶದ ತುಂಬ ಚದುರಿತು, ಅದರ ಕೆಲಸವೂ ಕೆಟ್ಟಿತು. ಕೊಡ ಇದೆ, ಹೊರುವವನಿದ್ದಾನೆ, ಮೆಟ್ಟಿಲ ಹತ್ತಿರ ಮಾತ್ರ ಇಲ್ಲ.

1997ರ ಫಲಿತಾಂಶಕ್ಕೆ ಇದು ವಿರುದ್ಧ ಎಂದು ಅನಿಸಬಹುದು. ನನ್ನ ಓದಿನ ಪ್ರಕಾರ ಅಲ್ಲ. ಬರೀ ಕಾಲು ಪಾಲನ್ನು ಧಾರಾಳವಾಗಿ ತುಂಬಿದರೆ ಅಲ್ಲಿ ಇಲ್ಲಿ ಓಡಾಡುವವರಲ್ಲಿ ಕೆಲವರಾದರೂ ಮೆಟ್ಟಿಲು ಹತ್ತುತ್ತಾರೆ, ಜೀವ ಉಳಿಯುತ್ತದೆ. ಮಿಲಿಸೆಕೆಂಡು ಲೆಕ್ಕದಲ್ಲಿ ಓಡುವ ಕಣ್ಣಿಗೆ ಸರಬರಾಜು ಅದೇ ವೇಗದಲ್ಲಿ ಆಗಬೇಕಾದರೆ ಜಾಗ ಹಿಡಿದು ನಿಲ್ಲಲೇಬೇಕು.

ಇತರ ಅನುಮಾನಗಳು

ಬೇರೆ ರೋಗಗಳ ಜೊತೆ ಹೋಲಿಸದೆ ಕಡತ ಮುಚ್ಚುವ ಹಾಗಿಲ್ಲ. ಆರ್‌ಡಿಜಿ-ಎ ನೊಣದ ಕಣ್ಣೂ ಹಾಳಾಗುತ್ತದೆ, ಆದರೆ ಕತ್ತಲಲ್ಲೂ ಹಾಳಾಗುತ್ತದೆ. ಆಗ ಕೇಂಬ್ರಿಜ್‌ನಲ್ಲಿದ್ದ ರಘು ಮತ್ತು ರೋಜರ್ ಹಾರ್ಡಿ ಅವರ ತಂಡ 2000ದಲ್ಲಿ ಕಾರಣ ಹೇಳಿತು: ಈ ನೊಣದಲ್ಲಿ ಟಿಆರ್‌ಪಿ ಬಾಗಿಲು ಬೆಳಕಿಲ್ಲದೆಯೂ ತೆರೆದೇ ಇರುತ್ತದೆ, ಕ್ಯಾಲ್ಸಿಯಂ ನುಗ್ಗಿ ಕೋಶ ಸಾಯುತ್ತದೆ. ಟಿಆರ್‌ಪಿ ಜೀನನ್ನೂ ಕೆಡಿಸಿದಾಗ ಕುಸಿತ ತಗ್ಗಿತು. ಹೊರಗಿನಿಂದ ನೋಡಿದರೆ 'ಎ', 'ಬಿ' ಎರಡಕ್ಕೂ ಒಂದೇ ಲಕ್ಷಣ, ಒಳಗಿನ ಕಥೆ ಬೇರೆ.

ಟಿಆರ್‌ಪಿ ಇಲ್ಲದ ನೊಣ ಇನ್ನೊಂದು ಪಾಠ. ದೀಪ ಹಾಕಿದಾಗ ಇದರ ಗೆರೆ ಇಳಿಯುತ್ತದೆ, ಆದರೆ ದೀಪ ಉರಿಯುತ್ತಿರುವಾಗಲೇ ವಾಪಸ್ ಮೇಲೇರಿಬಿಡುತ್ತದೆ. ಬಹಳ ಕಾಲ ಇದು ಒಗಟಾಗಿತ್ತು. 2001ರಲ್ಲಿ ಹಾರ್ಡಿ ತಂಡ ತೋರಿಸಿದ ಪ್ರಕಾರ, ಒಳಬರುವ ಕ್ಯಾಲ್ಸಿಯಂ ಫಾಸ್ಫೊಲಿಪೇಸ್-ಸಿಗೆ ಸಾಕು ನಿಲ್ಲಿಸು ಅನ್ನುತ್ತದೆ. ಕ್ಯಾಲ್ಸಿಯಂ ಬರದಿದ್ದರೆ ನಲ್ಲಿ ತಿರುಗಿಸುವವರಿಲ್ಲ, ಪಿಪ್-ಟೂ ಬರಿದಾಗುತ್ತದೆ.

ಪಿಪ್-ಟೂ ಕತ್ತರಿಸಿದರೆ ಬಾಗಿಲು ತೆರೆಯುವುದು ಹೇಗೆ ಎಂಬುದರ ಮೇಲೆ ಜಗಳ ಇನ್ನೂ ಇದೆ. ಉಳಿದ ಬಾಲದ ತುಂಡೇ ಕೀಲಿ ಎಂದು ಕೆಲವರು. 2012ರಲ್ಲಿ ಹಾರ್ಡಿ ಮತ್ತು ಕ್ರಿಸ್ಟಿಯನ್ ಫ್ರಾಂಜೆ ಬೇರೆಯೇ ಒಂದನ್ನು ಮುಂದಿಟ್ಟರು. ದಪ್ಪ ತಲೆಯನ್ನು ಕತ್ತರಿಸಿದರೆ ಪೊರೆ ಕಿರಿದಾಗುತ್ತದೆ, ಎಳೆ ಸೆಟೆಯುತ್ತದೆ, ಆ ಎಳೆತ ಬಾಗಿಲನ್ನು ತೆರೆಯಲು ಸಹಾಯ ಮಾಡುತ್ತದೆ ಎಂದು. ಬೆಳಕು ಬಿದ್ದಾಗ ದೃಷ್ಟಿಕೋಶಗಳು ನಿಜವಾಗಿಯೂ ಮುದುಡುವುದನ್ನು ಅವರು ಅಳೆದು ತೋರಿಸಿದರು. ನನ್ನ ಮನಸ್ಸು ಈ ಕಡೆಗೇ ವಾಲುತ್ತದೆ. ಸ್ವಲ್ಪ ಮಟ್ಟಿಗೆ, ಬೆಳಕಿಗೆ ಮೈಮುದುಡುವ ಕಣ್ಣು ಎಂಬ ಚಿತ್ರವೇ ಚೆನ್ನಾಗಿದೆ ಎಂಬ ಕಾರಣಕ್ಕೂ ಇರಬಹುದು.

ಮನುಷ್ಯರಲ್ಲಿ ಇದೇ ಕೊಬ್ಬಿನ ಲೆಕ್ಕ ತಪ್ಪುವ ಒಂದು ಕಾಯಿಲೆ ಲೋವ್ ಸಿಂಡ್ರೋಮ್. 1952ರಲ್ಲಿ ಚಾರ್ಲ್ಸ್ ಲೋವ್ ಮತ್ತು ಜೊತೆಗಾರರು ವರ್ಣಿಸಿದ್ದು. ಹೆಚ್ಚಾಗಿ ಗಂಡುಮಕ್ಕಳಲ್ಲಿ, ಹುಟ್ಟುವಾಗಲೇ ಕಣ್ಣಿನ ಪೊರೆ (ಕ್ಯಾಟರಾಕ್ಟ್), ಜೊತೆಗೆ ಕಿಡ್ನಿ ಮತ್ತು ಮಿದುಳಿನ ತೊಂದರೆ. ಇಲ್ಲಿ ಕೆಟ್ಟಿರುವುದು ಪಿಪ್-ಟೂ 5ನೇ ಜಾಗದ ಫಾಸ್ಫೇಟ್ ಕೀಳುವ ಓಸಿಆರ್‌ಎಲ್ ಎಂಬ ಕಿಣ್ವ. ನಮ್ಮ ನೊಣಕ್ಕೆ ಕೊರತೆ, ಈ ಮಕ್ಕಳಿಗೆ ಅಳಿಸದೆ ಉಳಿದ ಹೆಚ್ಚುವರಿ. ಎನ್‌ಸಿಬಿಎಸ್ ಗುಂಪು ಇಂಥ ಒಂದು ಭಾರತೀಯ ಕುಟುಂಬದವರ ಕೋಶಗಳಿಂದ ಕಾಂಡಕೋಶ (ಸ್ಟೆಮ್ ಸೆಲ್) ಬೆಳೆಸಿ, ಮಿದುಳಿನಲ್ಲಿ ಏನು ತಪ್ಪುತ್ತದೆ ಎಂದು ನೋಡುತ್ತಿದೆ.

ಕೊನೆಯದಾಗಿ ಕಡತಕ್ಕೆ ಸೇರಿಸಬೇಕಾದ ಒಂದು ವಿಷಯ. ಪಿಐ4ಕೆ-3-ಆಲ್ಫಾವನ್ನು ಇಡೀ ಮೈಯಿಂದ ತೆಗೆದರೆ ನೊಣ ಬದುಕುವುದೇ ಇಲ್ಲ. ಅದಕ್ಕೇ ಕಣ್ಣಿನಲ್ಲಿ ಮಾತ್ರ ತಗ್ಗಿಸಿ ನೋಡುತ್ತಾರೆ. ಕಣ್ಣು ಹೋದರೂ ಶೀಷೆಯೊಳಗಿನ ನೊಣಕ್ಕೆ ಅಂಥ ನಷ್ಟವಿಲ್ಲ. ಊಟ ಕಾಲಡಿಯಲ್ಲೇ ಇದೆ, ಸಂಗಾತಿ ವಾಸನೆಗೆ ಸಿಗುತ್ತಾಳೆ, ಮೊಟ್ಟೆಗಳೂ ಆಗುತ್ತವೆ. ಆರ್‌ಡಿಜಿ-ಬಿ ಅರ್ಧ ಶತಮಾನದಿಂದ ಹೀಗೆ ಶೀಷೆಯಿಂದ ಶೀಷೆಗೆ ಸಾಗುತ್ತಾ ಬಂದಿದೆ. ಪ್ರಯೋಗಕ್ಕೆ ಬೇಕಾದಾಗ ಮಾತ್ರ ಒಂದು ಶೀಷೆಯನ್ನು ಕತ್ತಲೆ ಪೆಟ್ಟಿಗೆಯಲ್ಲಿಟ್ಟು ಬೆಳೆಸುತ್ತಾರೆ. ಮರಿಗಳು ಹೊರಬಂದ ದಿನ ಮುಚ್ಚಳ ತೆಗೆದು ದೀಪ ಹಾಕುತ್ತಾರೆ.